ಹಿತ್ತಿಲಿನಲ್ಲಿ ಏರ್ ರೈಫಲ್ ಗುರಿ ಅಭ್ಯಾಸ: ಯಾವುದನ್ನು ಕೊಳ್ಳಬೇಕು, ಎಲ್ಲಿಂದ ಆರಂಭಿಸಬೇಕು?

ಹೊಸನಗರದವ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನು ಹೊಸನಗರ ತಾಲ್ಲೂಕಿನ ಒಂದು ಹಳ್ಳಿಯವನು. ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಮನು ಭಾಕರ್ ಎರಡು ಕಂಚಿನ ಪದಕ ಗೆದ್ದಾಗಿನಿಂದ ನಮ್ಮ ಮನೆಯಲ್ಲಿ ಗುರಿ ಹೊಡೆಯುವ ಮಾತೇ ಮಾತು. ಪ್ರೌಢಶಾಲೆಯಲ್ಲಿ ಓದುತ್ತಿರುವ ಮಗಳಿಗೂ, ನಿಜ ಹೇಳಬೇಕೆಂದರೆ ಅವಳಿಗಿಂತ ಒಂದು ತೂಕ ಹೆಚ್ಚಾಗಿ ನನಗೂ, ಈ ಹವ್ಯಾಸವನ್ನು ಕಲಿಯುವ ಆಸೆ ಹುಟ್ಟಿದೆ. ಮನೆಯ ಹಿಂದೆ ಸುಮಾರು 15 ಮೀಟರ್ ಉದ್ದದ ಜಾಗವಿದ್ದು, ಅದರ ತುದಿಗೆ ಎರಡಾಳೆತ್ತರದ ಧರೆಯಿದೆ; ಧರೆಯ ಮೇಲೆ ಯಾರೂ ಓಡಾಡುವ ದಾರಿಯಿಲ್ಲ. ಕಾಗದದ ಗುರಿಗೆ ಮತ್ತು ಖಾಲಿ ಡಬ್ಬಿಗಳಿಗೆ ಹೊಡೆಯುವುದಷ್ಟೇ ನಮ್ಮ ಉದ್ದೇಶ.

ಅಂಗಡಿಯೊಂದರಲ್ಲಿ ವಿಚಾರಿಸಿದಾಗ, ಪೆಲೆಟ್ (ಏರ್ ರೈಫಲ್‌ನ ಪುಟ್ಟ ಗುಂಡು) ಸೆಕೆಂಡಿಗೆ ಸಾವಿರ ಅಡಿ ವೇಗದಲ್ಲಿ ಹಾರುವ ರೈಫಲ್ಲನ್ನೇ ಕೊಳ್ಳಿ, ಕಡಿಮೆಯದ್ದು ಕೊಂಡರೆ ಆಮೇಲೆ ಬೇಸರವಾಗುತ್ತದೆ ಎಂದರು. ಜೊತೆಗೆ ಗುರಿ ನೋಡುವ ದೂರದರ್ಶಕವನ್ನೂ (ಸ್ಕೋಪ್) ಹಾಕಿಸಿಕೊಳ್ಳಿ ಎಂದರು. ಪರವಾನಗಿ ಬೇಕೇ, ಇಷ್ಟು ವೇಗ ನಿಜವಾಗಿಯೂ ಅಗತ್ಯವೇ, ಸ್ಪ್ರಿಂಗ್ ಮಾದರಿ ಒಳ್ಳೆಯದೋ ಒತ್ತಿದ ಗಾಳಿ ತುಂಬುವ ಪಿಸಿಪಿ ಮಾದರಿ ಒಳ್ಳೆಯದೋ ಎಂಬುದನ್ನು ಅನುಭವವುಳ್ಳವರು ದಯವಿಟ್ಟು ತಿಳಿಸಬೇಕು.

ಮೈಸೂರಿನ ವಕೀಲ

ನಮಸ್ಕಾರ. ಮೊದಲು ಪರವಾನಗಿಯ ಮಾತು ಮುಗಿಸೋಣ. 1959ರ ಶಸ್ತ್ರಾಸ್ತ್ರ ಕಾಯ್ದೆ ಮತ್ತು 2016ರ ಶಸ್ತ್ರಾಸ್ತ್ರ ನಿಯಮಗಳ ಚೌಕಟ್ಟಿನಲ್ಲಿ ಎರಡು ಅಳತೆಗಳು ಮುಖ್ಯ. ನಳಿಗೆಯ ಒಳವ್ಯಾಸ 4.5 ಮಿಲಿಮೀಟರ್ (0.177 ಅಂಗುಲ) ಮೀರಬಾರದು; ಪೆಲೆಟ್ ನಳಿಗೆಯಿಂದ ಹೊರಬೀಳುವಾಗ ಅದರ ಶಕ್ತಿ 20 ಜೂಲ್ ಮೀರಬಾರದು. ಇವೆರಡರ ಒಳಗಿರುವ ಏರ್ ರೈಫಲ್‌ಗೆ ಪರವಾನಗಿ ಬೇಕಿಲ್ಲ, ಒಂದು ಮೀರಿದರೂ ಬೇಕು. ಆದ್ದರಿಂದ 5.5 ಮಿಲಿಮೀಟರಿನದ್ದನ್ನು ಯಾರಾದರೂ ಸದ್ದಿಲ್ಲದೆ ಕೊಡುತ್ತೇವೆಂದರೆ ಒಪ್ಪಬೇಡಿ. ಗುರುತಿನ ಚೀಟಿ ಮತ್ತು ವಿಳಾಸದ ದಾಖಲೆ ಕೊಟ್ಟು, ನಿಮ್ಮ ಹೆಸರಿನಲ್ಲಿಯೇ ಖರೀದಿಸಿ, ಮಾದರಿಯ ಹೆಸರಿರುವ ರಸೀದಿಯನ್ನು ಜೋಪಾನವಾಗಿಡಿ. ಮಗಳ ಕೈಗೆ ಅದು ಬರುವುದು ನೀವು ಪಕ್ಕದಲ್ಲಿರುವಾಗ ಮಾತ್ರ. ಉಳಿದ ವೇಳೆಯಲ್ಲಿ ಬೀಗದೊಳಗಿರಲಿ.

ಈಗ ಸಾವಿರ ಅಡಿಯ ಲೆಕ್ಕವನ್ನು ನೋಡೋಣ, ಏಕೆಂದರೆ ಈ ಜಾಹೀರಾತು ಅನೇಕರನ್ನು ದಾರಿ ತಪ್ಪಿಸುತ್ತದೆ. ಗುರಿ ಹೊಡೆಯುವವರು ಬಳಸುವ ಸಾಮಾನ್ಯ ಸೀಸದ ಪೆಲೆಟ್ ಸುಮಾರು 0.53 ಗ್ರಾಂ ತೂಗುತ್ತದೆ. ಅದು ಸೆಕೆಂಡಿಗೆ 275 ಮೀಟರ್, ಅಂದರೆ ಸುಮಾರು 900 ಅಡಿ ವೇಗದಲ್ಲಿ ಹೊರಟರೆ ಶಕ್ತಿ ಆಗಲೇ 20 ಜೂಲ್ ಮುಟ್ಟಿರುತ್ತದೆ. ಅದೇ ಪೆಲೆಟ್ಟನ್ನು ಸಾವಿರ ಅಡಿ ವೇಗದಲ್ಲಿ ಕಳುಹಿಸುವ ರೈಫಲ್ 24 ಜೂಲ್ ದಾಟುತ್ತದೆ ಮತ್ತು ಪರವಾನಗಿಯ ವ್ಯಾಪ್ತಿಗೆ ಬರುತ್ತದೆ. ಹಾಗಾದರೆ ಪರವಾನಗಿಯಿಲ್ಲದೆ ಮಾರುವ ಪೆಟ್ಟಿಗೆಯ ಮೇಲೆ ಆ ಅಂಕಿ ಬರುವುದು ಹೇಗೆಂದರೆ, ಸೀಸಕ್ಕಿಂತ ಬಹಳ ಹಗುರವಾದ ಮಿಶ್ರಲೋಹದ ಪೆಲೆಟ್ ಹಾಕಿ ಅಳೆಯುವುದರಿಂದ. ಅಂಥ ಹಗುರ ಪೆಲೆಟ್‌ನಿಂದ ಗುರಿಯ ನಿಖರತೆ ಸಾಮಾನ್ಯವಾಗಿ ಹೆಚ್ಚುವುದಿಲ್ಲ. ಒಲಿಂಪಿಕ್ಸ್‌ನ 10 ಮೀಟರ್ ಸ್ಪರ್ಧೆಯ ರೈಫಲ್‌ಗಳು ಸೆಕೆಂಡಿಗೆ ಸುಮಾರು 175 ಮೀಟರ್ ವೇಗದಲ್ಲಿ ಕೆಲಸ ಮಾಡುತ್ತವೆ. ಅಭಿನವ್ ಬಿಂದ್ರಾ ಅವರು 2008ರಲ್ಲಿ ಬೀಜಿಂಗ್‌ನಲ್ಲಿ ಚಿನ್ನ ಗೆದ್ದದ್ದು ಇಂಥ ಮಂದಗತಿಯ ಪೆಲೆಟ್‌ನಿಂದಲೇ.

ತೋಟದ ಮನೆ, ತೀರ್ಥಹಳ್ಳಿ

ಪರವಾನಗಿಯ ಮಿತಿಯೊಳಗೆ ಸಿಗುವ ಅತ್ಯಂತ ಶಕ್ತಿಯುತವಾದದ್ದನ್ನೇ ಕೊಳ್ಳುವುದು ಲೇಸೆಂದು ನನ್ನ ಅಭಿಪ್ರಾಯ. ಡಬ್ಬಿಗೆ ಹೊಡೆದು ಸಾಕಾದ ಮೇಲೆ ಅಡಿಕೆ ಮತ್ತು ಬಾಳೆಗೆ ಬರುವ ಮಂಗಗಳನ್ನು ಓಡಿಸುವುದಕ್ಕಾದರೂ ಪ್ರಯೋಜನಕ್ಕೆ ಬರುತ್ತದೆ. ನಮ್ಮ ಕಡೆ ಅನೇಕರು ಕೊಳ್ಳುವುದು ಅದಕ್ಕಾಗಿಯೇ ಅಲ್ಲವೇ?

ಮೈಸೂರಿನ ವಕೀಲ

ತೀರ್ಥಹಳ್ಳಿಯ ಮಿತ್ರರೇ, ಮಂಗನ ಕಾಟದಿಂದ ತೋಟದವರು ಪಡುವ ಪಾಡು ನನಗೆ ತಿಳಿಯದ್ದೇನಲ್ಲ. ಆದರೂ ಈ ಮಾತನ್ನು ಇಲ್ಲಿಯೇ ನಿಲ್ಲಿಸಬೇಕಾಗಿದೆ. ಏರ್ ರೈಫಲ್‌ಗೆ ಪರವಾನಗಿ ಬೇಡ ಎಂದ ಮಾತ್ರಕ್ಕೆ ಪ್ರಾಣಿಗೆ ಹೊಡೆಯಲು ಅನುಮತಿ ಸಿಕ್ಕಿತೆಂದು ಅರ್ಥವಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಬೇಟೆ ಎಂದರೆ ಕೊಲ್ಲುವುದಷ್ಟೇ ಅಲ್ಲ, ಗಾಯಗೊಳಿಸುವುದೂ ಅದಕ್ಕೆ ಯತ್ನಿಸುವುದೂ ಸೇರಿವೆ, ಮತ್ತು ನಮ್ಮ ತೋಟಗಳಿಗೆ ಬರುವ ಕೋತಿ ಆ ಕಾಯ್ದೆಯ ರಕ್ಷಣೆಯಲ್ಲಿದೆ. ಹಕ್ಕಿಗಳ ವಿಷಯದಲ್ಲಿಯೂ ಇದೇ ಎಚ್ಚರಿಕೆ ಇರಲಿ. ಕಾನೂನನ್ನು ಬದಿಗಿಟ್ಟು ನೋಡಿದರೂ, 4.5 ಮಿಲಿಮೀಟರಿನ ಪೆಲೆಟ್ ಮಂಗವನ್ನು ಓಡಿಸುವುದಿಲ್ಲ. ಮೈಯೊಳಗೆ ಹೊಕ್ಕು ಕುಳಿತು ವಾರಗಟ್ಟಲೆ ಕೀವು ಕಟ್ಟಿಸುತ್ತದೆ. ಅರುಣಾಚಲ ಪ್ರದೇಶದಲ್ಲಿ 2021ರಿಂದ ಹಳ್ಳಿಗರೇ ಏರ್‌ಗನ್‌ಗಳನ್ನು ಸರ್ಕಾರಕ್ಕೆ ಒಪ್ಪಿಸುವ ಅಭಿಯಾನ ನಡೆದದ್ದು ಹಕ್ಕಿ ಮತ್ತು ಕಾಡುಪ್ರಾಣಿಗಳ ಬೇಟೆಗೆ ಅವು ಬಳಕೆಯಾಗುತ್ತಿದ್ದ ಕಾರಣದಿಂದ. ನಮ್ಮಲ್ಲಿಯೂ ಇಂಥ ಬಳಕೆ ಹೆಚ್ಚಿದರೆ, ಕಾಗದಕ್ಕೆ ಹೊಡೆಯುವ ಹವ್ಯಾಸಿಗಳಿಗೂ ಈಗಿರುವ ವಿನಾಯಿತಿ ಉಳಿಯುವುದಿಲ್ಲವೆಂಬುದು ನನ್ನ ಆತಂಕ.

ಹತ್ತು ಮೀಟರ್, ಬೆಂಗಳೂರು

ಹೊಸನಗರದ ಮಿತ್ರರಿಗೆ ನಮಸ್ಕಾರ. ನಾನು ಬಹುಕಾಲ ಸ್ಪ್ರಿಂಗ್ ರೈಫಲ್‌ನಲ್ಲಿ ಅಭ್ಯಾಸ ಮಾಡಿ ಈಗ ಪಿಸಿಪಿ ಬಳಸುತ್ತಿರುವವನು. ನಿಮಗೆ ನನ್ನ ಸಲಹೆ ಸಾಧಾರಣ ಶಕ್ತಿಯ ಸ್ಪ್ರಿಂಗ್ ರೈಫಲ್. ಪಿಸಿಪಿಯಲ್ಲಿ ಹಿಂದೊತ್ತು (ಹೊಡೆದಾಗಿನ ಒದೆತ) ಇಲ್ಲವೇ ಇಲ್ಲ ಎನ್ನಬಹುದು, ಗುರಿಯೂ ಬೇಗ ಕೂಡುತ್ತದೆ. ಆದರೆ ಅದರ ಕೊಳವೆಗೆ 200 ಬಾರ್ ಆಸುಪಾಸಿನ ಒತ್ತಡದ ಗಾಳಿ ತುಂಬಬೇಕು. ಅದಕ್ಕೆ ವಿಶೇಷ ಕೈಪಂಪು ಅಥವಾ ದೊಡ್ಡ ಸಿಲಿಂಡರ್ ಬೇಕು, ಬೆಲೆಯೂ ಹೆಚ್ಚು, ಗಾಳಿ ತಡೆಯುವ ಸೀಲ್ ಸೋರಿದರೆ ರಿಪೇರಿಗೆ ನೀವು ಬೆಂಗಳೂರಿಗೋ ಮುಂಬೈಗೋ ಕಳುಹಿಸಬೇಕಾಗುತ್ತದೆ. ಸ್ಪ್ರಿಂಗ್ ರೈಫಲ್‌ಗೆ ನಿಮ್ಮ ತೋಳಿನ ಬಲವೊಂದೇ ಸಾಕು. ದೇಶೀಯ ತಯಾರಕರಲ್ಲಿ ಪ್ರೆಸಿಹೋಲ್‌ನಂಥವರ ರೈಫಲ್‌ಗಳು ಈಗ ಸುಲಭವಾಗಿ ಸಿಗುತ್ತವೆ; ಬಿಡಿಭಾಗಗಳ ದೃಷ್ಟಿಯಿಂದ ಅದು ದೊಡ್ಡ ಅನುಕೂಲ.

ಆದರೆ ಸ್ಪ್ರಿಂಗ್ ರೈಫಲ್ ಹೊಡೆಯುವುದು ಕಲಿಯಲು ಕಷ್ಟವಾದ ವಿದ್ಯೆ ಎಂಬುದನ್ನು ಮೊದಲೇ ಹೇಳಿಬಿಡಬೇಕು. ಟ್ರಿಗರ್ ಎಳೆದ ಕೂಡಲೇ ಒಳಗಿನ ಸ್ಪ್ರಿಂಗ್ ತಳ್ಳಿದ ಭಾರವಾದ ಪಿಸ್ಟನ್ ಮುಂದಕ್ಕೆ ನುಗ್ಗುತ್ತದೆ, ಅದಕ್ಕೆ ಪ್ರತಿಯಾಗಿ ರೈಫಲ್ ಹಿಂದಕ್ಕೆ ಸರಿಯುತ್ತದೆ. ಪಿಸ್ಟನ್ ತಾನು ಒತ್ತಿದ ಗಾಳಿಯ ಮೆತ್ತೆಗೆ ತಾಗಿ ನಿಂತಾಗ ರೈಫಲ್ ಮತ್ತೆ ಮುಂದಕ್ಕೆ ಜಗ್ಗುತ್ತದೆ. ಪೆಲೆಟ್ ಇನ್ನೂ ನಳಿಗೆಯೊಳಗೆ ಇರುವಾಗಲೇ ಈ ಅಲುಗಾಟ ಶುರುವಾಗಿರುತ್ತದೆ. ಆದ್ದರಿಂದ ಬಿಗಿಯಾಗಿ ಹಿಡಿದು ಈ ಚಲನೆಯನ್ನು ತಡೆಯಲು ಹೋದವರ ಪೆಲೆಟ್‌ಗಳು ಕಾಗದದ ತುಂಬ ಚೆದುರುತ್ತವೆ. ಎಡಗೈಯ ಅಂಗೈಯನ್ನು ಬಿಡಿಸಿ, ಅದರ ಮೇಲೆ ರೈಫಲ್ಲನ್ನು ಸುಮ್ಮನೆ ಕೂರಿಸಿ, ಪ್ರತಿ ಸಲವೂ ಅದೇ ಜಾಗದಲ್ಲಿ ಅದೇ ಹಗುರವಾದ ಹಿಡಿತದಲ್ಲಿ ಇಟ್ಟು, ಅದು ತನ್ನ ಪಾಡಿಗೆ ಕುಲುಕಲು ಬಿಡಬೇಕು. ಇದೇ ಕಾರಣಕ್ಕೆ ನಳಿಗೆಯನ್ನು ಗೋಡೆಗೋ ಕಲ್ಲಿಗೋ ಆನಿಸಿ ಹೊಡೆಯಬಾರದು. ಪೆಲೆಟ್ ತಾಗಿದ ಸದ್ದು ಕೇಳಿದ ಮೇಲೂ ಒಂದು ಕ್ಷಣ ಕಣ್ಣು ಮುಂದಿನ ಸೈಟ್ (ನಳಿಗೆಯ ತುದಿಯ ಗುರಿಕಡ್ಡಿ) ಮೇಲೆಯೇ ಇರಲಿ. ಹೊಡೆದ ಕೂಡಲೇ ತಲೆಯೆತ್ತಿ ನೋಡುವ ಚಪಲವೇ ಹೊಸಬರ ಮೊದಲ ಶತ್ರು.

ದೂರದರ್ಶಕ ಈಗ ಬೇಡ. ಸ್ಪ್ರಿಂಗ್ ರೈಫಲ್‌ನ ಈ ಎರಡೂ ದಿಕ್ಕಿನ ಜಗ್ಗಾಟಕ್ಕೆ ಬಂದೂಕಿನ ಸಾಮಾನ್ಯ ದೂರದರ್ಶಕಗಳ ಒಳಗಿನ ಗಾಜು ಸಡಿಲವಾಗಿ ಹಾಳಾಗುತ್ತದೆ. ಮೇಲಾಗಿ ಅವುಗಳಲ್ಲಿ ಬಹಳಷ್ಟು ದೂರದ ಗುರಿಗೆಂದೇ ಹೊಂದಿಸಿದವಾಗಿದ್ದು 10 ಮೀಟರ್‌ನಲ್ಲಿ ಮಸುಕಾಗಿ ಕಾಣುತ್ತವೆ. ತೆರೆದ ಸೈಟ್‌ನಲ್ಲಿ ಕಲಿತ ಕೈಗೆ ಮುಂದೆ ಯಾವುದೂ ಕಷ್ಟವಾಗದು.

ಇನ್ನು ಪೆಲೆಟ್. ಕಾಗದದ ಗುರಿಗೆ ಚಪ್ಪಟೆ ತಲೆಯ ಪೆಲೆಟ್ ಉತ್ತಮ, ಏಕೆಂದರೆ ಅದು ಕಾಗದವನ್ನು ಹರಿಯದೆ ದುಂಡಗೆ ಕತ್ತರಿಸುತ್ತದೆ. ಒಂದೊಂದು ನಳಿಗೆಗೆ ಒಂದೊಂದು ಪೆಲೆಟ್ ಒಗ್ಗುವುದರಿಂದ ಎರಡು ಮೂರು ಬಗೆಯವನ್ನು ತಂದು, ಐದೈದು ಹೊಡೆದು, ಯಾವುದರ ತೂತುಗಳು ಒತ್ತಾಗಿ ಬೀಳುತ್ತವೆಯೋ ಅದನ್ನು ಇಟ್ಟುಕೊಳ್ಳಿ. ಗುಂಡನೆಯ ಉಕ್ಕಿನ ಬಿಬಿಗಳನ್ನು ಮಾತ್ರ ಕೊಳ್ಳಬೇಡಿ. ಅವು ನಳಿಗೆಯ ಒಳಗೆರೆಗಳನ್ನು ತಿನ್ನುತ್ತವೆ, ಗಟ್ಟಿ ವಸ್ತುವಿಗೆ ತಾಗಿದರೆ ಹೊಡೆದವರ ಮುಖಕ್ಕೇ ಹಿಂತಿರುಗುತ್ತವೆ. ಪೆಲೆಟ್ ಇಲ್ಲದೆ ಖಾಲಿ ಹೊಡೆಯಬಾರದು, ಪಿಸ್ಟನ್ ನೇರವಾಗಿ ಹೋಗಿ ಬಡಿದು ಸೀಲ್ ಹಾಳಾಗುತ್ತದೆ. ನಳಿಗೆ ಮುರಿದು ತುಂಬುವ ಮಾದರಿಯಾದರೆ, ಪೆಲೆಟ್ ಇಡುವಾಗ ಇನ್ನೊಂದು ಕೈ ನಳಿಗೆಯನ್ನು ಬಿಗಿಯಾಗಿ ಹಿಡಿದೇ ಇರಬೇಕು. ಕೈ ಬಿಟ್ಟಾಗ ಟ್ರಿಗರ್ ತಾಗಿದರೆ ನಳಿಗೆ ಅಡಕತ್ತರಿಯಂತೆ ಮುಚ್ಚಿಕೊಂಡು ಬೆರಳನ್ನು ಜಜ್ಜುತ್ತದೆ. ಮಗಳಿಗೆ ಕೊಡುವ ಮೊದಲ ಪಾಠ ಇದೇ ಆಗಿರಲಿ.

ಗೋಣಿಕೊಪ್ಪಲು

ನಮ್ಮ ಕೊಡಗಿನಲ್ಲಿ ಕೈಲ್‌ಪೊಳ್ದ್ ಹಬ್ಬದ ಹೊತ್ತಿಗೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಗಳು ಊರೂರಿನಲ್ಲಿ ನಡೆಯುತ್ತವೆ. ಅಲ್ಲಿ ಕೋವಿ ಹಿಡಿಯುವವರಲ್ಲಿ ಅನೇಕರು ಚಿಕ್ಕಂದಿನಲ್ಲಿ ಏರ್‌ಗನ್‌ನಿಂದಲೇ ಕಣ್ಣು ಪಳಗಿಸಿಕೊಂಡವರು. ಮೇಲಿನ ಮಿತ್ರರು ಹೇಳಿದ್ದಕ್ಕೆ ಮಳೆಗಾಲದ ಮಾತೊಂದನ್ನು ಸೇರಿಸುತ್ತೇನೆ. ಹೊಸನಗರದ ಮಳೆ ನಮ್ಮ ಮಳೆಗೇನೂ ಕಡಿಮೆಯದ್ದಲ್ಲ. ಸ್ಪಂಜು ಹೊದಿಸಿದ ಚೀಲದೊಳಗೆ ರೈಫಲ್ ಇಟ್ಟು ಜೂನ್‌ನಲ್ಲಿ ಜಿಪ್ ಎಳೆದರೆ ಆಗಸ್ಟ್‌ನಲ್ಲಿ ತುಕ್ಕು ಹಿಡಿದ ನಳಿಗೆಯೇ ಕೈಗೆ ಸಿಗುವುದು. ಚೀಲದಿಂದ ಹೊರಗೆ ತೆಗೆದು, ಬೀಗ ಹಾಕುವ ಕಪಾಟಿನಲ್ಲಿ ನೇರವಾಗಿ ನಿಲ್ಲಿಸಿ, ಮುಟ್ಟಿದಾಗಲೆಲ್ಲ ಬೆರಳಿನ ಬೆವರು ಹೋಗುವಂತೆ ತೆಳುವಾಗಿ ಎಣ್ಣೆ ಸವರಿದ ಬಟ್ಟೆಯಿಂದ ಹೊರಮೈಯನ್ನು ಒರೆಸಿ. ಗಾಳಿ ಒತ್ತುವ ಕೊಠಡಿಯೊಳಗೆ ಮಾತ್ರ ಎಣ್ಣೆ ಬಿಡಬೇಡಿ. ಒತ್ತಡದ ಬಿಸಿಗೆ ಅದು ಹೊತ್ತಿಕೊಂಡು ಹೊಗೆ ಬರುತ್ತದೆ, ಜೋರಾಗಿ ಸಿಡಿಯುತ್ತದೆ, ಸೀಲೂ ಸ್ಪ್ರಿಂಗೂ ಕೆಡುತ್ತವೆ.

ಹೊಸನಗರದವ

ಎಲ್ಲರಿಗೂ ಕೃತಜ್ಞತೆಗಳು. ವೇಗದ ಲೆಕ್ಕ ಓದಿದ ಮೇಲೆ ಅಂಗಡಿಯವರ ಮಾತಿನ ಗುಟ್ಟು ತಿಳಿಯಿತು. ಸಾಧಾರಣ ಶಕ್ತಿಯ ಸ್ಪ್ರಿಂಗ್ ರೈಫಲ್ ಎಂದು ನಿರ್ಧರಿಸಿದ್ದೇನೆ. ಮಂಗಗಳ ವಿಷಯ ನನ್ನ ಮನಸ್ಸಿನಲ್ಲಿ ಇರಲಿಲ್ಲ, ಮುಂದೆಯೂ ಇರುವುದಿಲ್ಲ. ಇನ್ನೆರಡು ಸಂದೇಹಗಳಿವೆ. ಧರೆ ಇರುವುದರಿಂದ ಅದರ ಮುಂದೆ ಗುರಿ ನಿಲ್ಲಿಸಿದರೆ ಸಾಕೇ? ಮತ್ತು ಮಗಳಿಗೆ ಆಸಕ್ತಿ ಉಳಿದರೆ, ಮನೆಯ ಅಭ್ಯಾಸ ಮುಂದಿನ ಸ್ಪರ್ಧೆಗಳಿಗೆ ಉಪಯೋಗಕ್ಕೆ ಬರುತ್ತದೆಯೇ?

ಹತ್ತು ಮೀಟರ್, ಬೆಂಗಳೂರು

ಎರಡನೆಯದನ್ನು ಮೊದಲು ಹೇಳುತ್ತೇನೆ. ಉಪಯೋಗಕ್ಕೆ ಬರುತ್ತದೆ, ಆದರೆ ಒಂದು ಹಂತದವರೆಗೆ. 10 ಮೀಟರ್ ಏರ್ ರೈಫಲ್ ಸ್ಪರ್ಧೆಯ ಗುರಿಯಲ್ಲಿ ಹತ್ತು ಅಂಕದ ಚುಕ್ಕಿಯ ಅಗಲ ಕೇವಲ ಅರ್ಧ ಮಿಲಿಮೀಟರ್. ಪೆಲೆಟ್ ಅದರ ಒಂಬತ್ತು ಪಟ್ಟು ದಪ್ಪ. ಹತ್ತಕ್ಕೆ ಹತ್ತು ಬಿದ್ದರೆ ಸಾಲದೆ 10.9ರವರೆಗೆ ದಶಾಂಶದಲ್ಲಿ ಎಣಿಸುತ್ತಾರೆ. ಅದಕ್ಕೆಂದೇ ಫೈನ್‌ವೆರ್ಕ್‌ಬಾವ್, ವಾಲ್ಥರ್‌ನಂಥ ಕಂಪನಿಗಳು ಮಾಡುವ, 5.5 ಕಿಲೋಗ್ರಾಂ ಮಿತಿಯೊಳಗಿನ ಪಿಸಿಪಿ ರೈಫಲ್‌ಗಳಿವೆ, ಬೆನ್ನಿಗೆ ಆಸರೆ ಕೊಡುವ ದಪ್ಪ ಜಾಕೆಟ್ಟಿದೆ. ಇವು ದುಬಾರಿ, ಮೊದಲೇ ಕೊಳ್ಳಬೇಡಿ. ಒಂದು ವರ್ಷ ಮನೆಯಲ್ಲಿ ಹೊಡೆದ ಮೇಲೂ ಅವಳೇ ಕರೆದು ಕೇಳುವಂತಿದ್ದರೆ, ಬೇಸಿಗೆ ರಜೆಯಲ್ಲಿ ತರಬೇತುದಾರರಿರುವ ಗುರಿ ಅಭ್ಯಾಸದ ರೇಂಜ್ ಒಂದಕ್ಕೆ ಸೇರಿಸಿ, ಅಲ್ಲಿನ ರೈಫಲ್‌ನಲ್ಲೇ ಕಲಿಯಲಿ. ಪಿಸ್ತೂಲನ್ನೂ ಒಮ್ಮೆ ಅವಳ ಕೈಗೆ ಕೊಟ್ಟು ನೋಡಿ, ಏಕೆಂದರೆ ಅದರಲ್ಲಿಯೂ ನಮ್ಮ ರಾಜ್ಯದ ಹೆಸರು ಕೇಳಿಬಂದಿದೆ. ಬೆಂಗಳೂರಿನ ಪ್ರಕಾಶ್ ನಂಜಪ್ಪ 2014ರ ಕಾಮನ್‌ವೆಲ್ತ್ ಕ್ರೀಡಾಕೂಟದ 10 ಮೀಟರ್ ಏರ್ ಪಿಸ್ತೂಲಿನಲ್ಲಿ ಬೆಳ್ಳಿ ಗೆದ್ದವರು, ದಿವ್ಯಾ ಟಿ.ಎಸ್. ಅವರು ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಸರಬ್‌ಜೋತ್ ಸಿಂಗ್ ಜೊತೆಗೂಡಿ 10 ಮೀಟರ್ ಏರ್ ಪಿಸ್ತೂಲಿನ ಮಿಶ್ರ ತಂಡದಲ್ಲಿ ಬೆಳ್ಳಿ ತಂದವರು.

ಧರೆಯ ಬಗ್ಗೆ: ಅದು ಎರಡನೆಯ ರಕ್ಷಣೆ, ಮೊದಲನೆಯದಲ್ಲ. ಮಲೆನಾಡಿನ ಧರೆಯಲ್ಲಿ ಜಂಬಿಟ್ಟಿಗೆಯ ಗಟ್ಟಿ ತುಂಡುಗಳು ಇಣುಕುತ್ತಿರುತ್ತವೆ, ಪೆಲೆಟ್ ಅವುಗಳಿಗೆ ತಾಗಿ ಎತ್ತಲೋ ಚಿಮ್ಮಬಹುದು. ತಡೆಯಿಲ್ಲದೆ ಮೇಲಕ್ಕೆ ಹಾರಿದ ಪೆಲೆಟ್ ನೂರಾರು ಮೀಟರ್ ಹೋಗುತ್ತದೆ ಎಂಬುದನ್ನೂ ಮರೆಯಬಾರದು. ಎರಡಡಿ ಚೌಕದ ಮರದ ಪೆಟ್ಟಿಗೆಯೊಂದನ್ನು ಮಾಡಿಸಿ, ಒಳಗೆ ಹಿಂಬದಿಗೆ ಮೂರು ಮಿಲಿಮೀಟರ್ ದಪ್ಪದ ಕಬ್ಬಿಣದ ಹಾಳೆಯನ್ನು ಅದರ ಮೇಲಂಚು ನಿಮ್ಮತ್ತ ಬಾಗಿರುವಂತೆ ಓರೆಯಾಗಿ ಕೂರಿಸಿ, ತಳಕ್ಕೆ ಮರಳು ಹಾಕಿ, ಮುಂದೆ ಹಳೆಯ ಬಟ್ಟೆ ಅಥವಾ ರಬ್ಬರಿನ ಚೂರುಗಳನ್ನು ಒತ್ತಾಗಿ ತುಂಬಿ, ಮುಖಕ್ಕೆ ರಟ್ಟಿನ ಮೇಲೆ ಗುರಿಯ ಕಾಗದ ಅಂಟಿಸಿ. ತಾಗಿದ ಸೀಸ ಕೆಳಗೆ ಮರಳಿಗೇ ಬೀಳುತ್ತದೆ. ಡಬ್ಬಿಗಳನ್ನೂ ಇದೇ ಪೆಟ್ಟಿಗೆಯ ಬಾಯಿಗೆ ದಾರದಲ್ಲಿ ತೂಗುಬಿಟ್ಟು ಹೊಡೆಯಬಹುದು, ಗಾಜಿನ ಬಾಟಲಿ ಖಂಡಿತ ಬೇಡ. ಇಬ್ಬರೂ ಕನ್ನಡಕ ಧರಿಸಿ, ಹೊಡೆಯುವಾಗ ಹಿಂಬಾಗಿಲಿಗೆ ಹೊರಗಿನಿಂದ ಚಿಲಕ ಹಾಕಿ, ಮನೆಯವರು ಅಂಗಳಕ್ಕೆ ಕಾಲಿಡುವ ಮೊದಲು ರೈಫಲ್ ಖಾಲಿಯಾಗಿ ಕೆಳಗಿರಲಿ. ಸೀಸ ವಿಷವಾದ್ದರಿಂದ ಪೆಲೆಟ್ಟನ್ನು ಬಾಯಲ್ಲಿ ಇಟ್ಟುಕೊಳ್ಳುವ ಚಾಳಿ ಬೇಡ, ಮುಗಿದ ಮೇಲೆ ಸೋಪಿನಿಂದ ಕೈ ತೊಳೆಯಬೇಕು, ಪೆಟ್ಟಿಗೆಯ ಮರಳನ್ನು ಮಳೆಗಾಲಕ್ಕೆ ಮೊದಲು ಜರಡಿ ಹಿಡಿದು ಸೀಸವನ್ನು ಗುಜರಿಗೆ ಕೊಡಿ. ನಿಮ್ಮ ಬಾವಿ ಹಿತ್ತಿಲಿನಲ್ಲಿಯೇ ಇದ್ದರೆ ಪೆಟ್ಟಿಗೆಯನ್ನು ಅದರಿಂದ ದೂರದ ಮೂಲೆಯಲ್ಲಿ, ಮೇಲೆ ತಗಡಿನ ಮಾಡು ಹಾಕಿ ಇಡುವುದು ಒಳ್ಳೆಯದು.