ಜಠರ ಪೂರ್ತಿ ತೆಗೆದ ಮೇಲೆ ಊಟ, ಬಿ12, ಫಾಲೋಅಪ್ ಹೇಗೆ?

ತುಂಗಾತೀರ:
ಅಪ್ಪನಿಗೆ ಕ್ಯಾನ್ಸರ್ ಆಗಿ ಜಠರ ಪೂರ್ತಿ ತೆಗೆದಿದ್ದಾರೆ. ಸಕ್ಕರೆ ಕಾಯಿಲೆ ಇಲ್ಲ. ಬೆಲ್ಲದ ರಾಗಿ ಗಂಜಿ ಕುಡಿದ ಕಾಲು ಗಂಟೆಗೆ ಹೊಟ್ಟೆ ನುಲಿತ, ಭೇದಿ, ಎದೆ ಡವಡವ. ಕೆಲವು ಸಲ ಎರಡು ಗಂಟೆ ಬಿಟ್ಟು ಕೈ ನಡುಕ, ಬೆವರು. ಬಿ12 ಇಂಜೆಕ್ಷನ್ ಎಲ್ಲಿಯವರೆಗೆ ಬೇಕು? ಆಮ್ಲ ತಗ್ಗಿಸುವ ಪ್ಯಾಂಟೊಪ್ರಜೋಲ್ ಮಾತ್ರೆ ನುಂಗಿದರೂ ರಾತ್ರಿ ಎದೆಯುರಿ ನಿಲ್ಲುತ್ತಿಲ್ಲ, ಯಾಕೆ?

ಪಥ್ಯಪಾಕ:
ಗಂಜಿಯ ತೊಂದರೆ ಎರಡೂ, ತಿಂದದ್ದು ಸರ್ರನೆ ಕರುಳಿಗಿಳಿದು ಆಗುವ ಡಂಪಿಂಗ್‌ನಂತೆಯೇ ಕಾಣುತ್ತದೆ, ಕಾರಣ ಮಾತ್ರ ಬೇರೆ. ಈಗ ಅನ್ನನಾಳವನ್ನು ನೇರ ಸಣ್ಣ ಕರುಳಿಗೆ ಜೋಡಿಸಿರುತ್ತಾರೆ, ಊಟ ತಡೆದು ನಿಲ್ಲಲು ಜಾಗವಿಲ್ಲ. ಸಿಹಿ ಗಂಜಿ ಒಮ್ಮೆಲೇ ಇಳಿದಾಗ ಕರುಳು ರಕ್ತದಿಂದ ನೀರೆಳೆದುಕೊಳ್ಳುತ್ತದೆ. ಕಾಲು ಗಂಟೆಯ ಕಾಟ ಅದು. ಅದೇ ಸಕ್ಕರೆ ಸರಸರ ರಕ್ತ ಸೇರಿ, ಇನ್ಸುಲಿನ್ ಅತಿಯಾಗಿ ಬಂದು, ಶುಗರ್ ಕೆಳಗಿಳಿದರೆ ಎರಡು ಗಂಟೆಯ ನಡುಕ. ನಡುಗುವಾಗಲೇ ಗ್ಲುಕೋಮೀಟರ್‌ನಲ್ಲಿ ನೋಡಿ. 70ಕ್ಕಿಂತ ಕೆಳಗಿದ್ದರೆ 15 ಗ್ರಾಂ ಸಕ್ಕರೆ (ಮೂರು ಟೀ ಚಮಚ) ಕೊಟ್ಟು 15 ನಿಮಿಷಕ್ಕೆ ಮತ್ತೆ ನೋಡಿ. ಏರಿದ ಮೇಲೆ ಒಂದು ಮೊಟ್ಟೆಯೋ ಸ್ವಲ್ಪ ಪನೀರೋ ಕೊಡಿ, ಇಲ್ಲದಿದ್ದರೆ ಮತ್ತೆ ಬೀಳುತ್ತದೆ.

ದಿನಕ್ಕೆ ಆರು ಸಲ, ಸ್ವಲ್ಪಸ್ವಲ್ಪ: ಒಂದು ಇಡ್ಲಿಗೆ ಗಟ್ಟಿ ಬೇಳೆ, ಅಥವಾ ಅರ್ಧ ಬಟ್ಟಲು ಮೊಸರನ್ನ. ನೀರು, ಮಜ್ಜಿಗೆ, ತಿಳಿಸಾರು ಊಟದ ಜೊತೆ ಬೇಡ. ಅರ್ಧ ಗಂಟೆ ಮುಂಚೆ ಅಥವಾ ಆಮೇಲೆ. ರಾಗಿ ಬಿಡಬೇಕಿಲ್ಲ, ಬೆಲ್ಲ ಬಿಡಿ, ಗಂಜಿಯ ಬದಲು ಮೆತ್ತನೆ ಮುದ್ದೆ ಮಾಡಿ. ನೋಡಲು ಬಂದವರು ತರುವ ಗ್ಲೂಕೋಸ್ ಪುಡಿ, ಜ್ಯೂಸ್ ಡಬ್ಬಿ ಅವರಿಗಂತೂ ಬೇಡ. ನುಗ್ಗೆಕಾಯಿ ಜಗಿದು ನಾರು ಉಗಿಯಲಿ. ನುಂಗಿದರೆ ಗಂಟುಕಟ್ಟಿ ಕರುಳು ಮುಚ್ಚೀತು.

ಔಷಧಿಪೆಟ್ಟಿಗೆ:
ಬಿ12 ಜೀವನಪೂರ್ತಿ. ಅದನ್ನು ಹೀರಲು ಬೇಕಾದ ಇಂಟ್ರಿನ್ಸಿಕ್ ಫ್ಯಾಕ್ಟರ್ ತಯಾರಾಗುತ್ತಿದ್ದುದೇ ಜಠರದಲ್ಲಿ. ಸಾಮಾನ್ಯವಾಗಿ ತಿಂಗಳಿಗೊಮ್ಮೆ 1000 ಮೈಕ್ರೋಗ್ರಾಂ. ಯಕೃತ್ತಿನ ದಾಸ್ತಾನು ಕೆಲವು ವರ್ಷ ಬರುವುದರಿಂದ, ನಿಲ್ಲಿಸಿದವರಿಗೆ ಮೊದಲು ಏನೂ ಆಗುವುದಿಲ್ಲ, ಎಡವುವುದೇ ಇಲ್ಲಿ. ಬರೀ ಫೋಲಿಕ್ ಆಸಿಡ್ ಕೊಟ್ಟರೆ ರಕ್ತಹೀನತೆ ಸರಿಹೋದಂತೆ ಕಂಡು, ಒಳಗೆ ನರ ಹಾಳಾಗುತ್ತಲೇ ಇರುತ್ತದೆ.

ಕಬ್ಬಿಣದ ಮಾತ್ರೆಗೂ ಕ್ಯಾಲ್ಸಿಯಂಗೂ ಎರಡು ಗಂಟೆ ಅಂತರವಿರಲಿ, ಕಾಫಿ-ಟೀ ಜೊತೆ ಕಬ್ಬಿಣ ಬೇಡ. ಕ್ಯಾಲ್ಸಿಯಂ ಕಾರ್ಬೊನೇಟ್ ಕರಗಲು ಆಮ್ಲ ಬೇಕು, ಅವರಿಗೆ ಸಿಟ್ರೇಟ್ ಕೇಳಿ. ಎದೆಯುರಿಗೂ ಉತ್ತರ ಅಲ್ಲೇ ಇದೆ: ಆಮ್ಲವೇ ಇಲ್ಲ, ಮೇಲೆ ಬರುವುದು ಪಿತ್ತರಸ, ಪ್ಯಾಂಟೊಪ್ರಜೋಲ್ ತಡೆಯುವುದು ಏನನ್ನು? ಮಂಚದ ತಲೆಭಾಗ ಅರ್ಧ ಅಡಿ ಎತ್ತರಿಸಿ, ಮಲಗುವ ಮೂರು ಗಂಟೆ ಮುಂಚೆ ಊಟ ಮುಗಿಸಿ, ಮಾತ್ರೆಯ ಬಗ್ಗೆ ಸರ್ಜನ್‌ರನ್ನು ಕೇಳಿ.

ವಾರ್ಡ್‌ಸಿಸ್ಟರ್:
ಮೊದಲ ಎರಡು ವರ್ಷ 3–6 ತಿಂಗಳಿಗೊಮ್ಮೆ, ಐದು ವರ್ಷದವರೆಗೆ 6–12 ತಿಂಗಳಿಗೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ ತಪಾಸಣೆ ರೂಢಿ. ಸಿಟಿ ಸ್ಕ್ಯಾನ್ ಯಾವಾಗ ಎಂಬುದು ಸ್ಟೇಜ್ ಮೇಲೆ. ವಾರಕ್ಕೊಮ್ಮೆ ಅದೇ ತಕ್ಕಡಿಯಲ್ಲಿ ತೂಕ ಬರೆದಿಡಿ. ಅನ್ನ ಗಂಟಲಿನ ಕೆಳಗೆ ಸಿಕ್ಕಿದಂತಾದರೆ ಹೊಲಿಗೆಯ ಜಾಗ ಕಿರಿದಾಗಿರಬಹುದು. ಎಂಡೋಸ್ಕೋಪಿಯಲ್ಲಿ ಬಲೂನ್ ಹಾಕಿ ಹಿಗ್ಗಿಸಬಹುದು, ಕ್ಯಾನ್ಸರ್ ಮರಳಿಲ್ಲವೆಂದೂ ನೋಡುತ್ತಾರೆ. ವಾಂತಿ ನಿಲ್ಲದೆ ಹೊಟ್ಟೆ ಉಬ್ಬಿ ಗಾಳಿಯೂ ಹೋಗದಿದ್ದರೆ, ಕಪ್ಪು ಮಲವಾದರೆ, ಜ್ವರದ ಜೊತೆ ತೀವ್ರ ಹೊಟ್ಟೆನೋವಿದ್ದರೆ ರಾತ್ರಿಯಾದರೂ ಆಸ್ಪತ್ರೆಗೆ ಹೊರಡಿ. ಆಪರೇಷನ್ ನೋಟ್ಸ್ ಜೊತೆಗಿರಲಿ, ಕರುಳನ್ನು ಹೇಗೆ ಜೋಡಿಸಿದ್ದಾರೆಂದು ಡ್ಯೂಟಿ ಡಾಕ್ಟರ್ ಮೊದಲು ಕೇಳುವುದೇ ಅದನ್ನು.