ಮಹಾಪಧಮನಿ: ಊತವೋ, ಹಿಗ್ಗೋ, ಉಬ್ಬೋ?

ಪ್ರಶ್ನೆ: ಮಾನ್ಯರೇ, ರೋಗಿಗಳ ಕೈಗೆ ಕೊಡುವ ಕನ್ನಡ ಹೊತ್ತಗೆಗಾಗಿ ಎದೆಯ ಸಿಟಿ ಸ್ಕ್ಯಾನ್ ವರದಿಯ ಒಂದು ಸಾಲನ್ನು ಕನ್ನಡಿಸಬೇಕಾಗಿದೆ. ಮೂಲ ಹೀಗಿದೆ: ‘ಅಸೆಂಡಿಂಗ್ ಅಯೋರ್ಟಾ ಡೈಲೇಟೆಡ್, 43 ಮಿ.ಮೀ., ನೋ ಅನ್ಯೂರಿಸಂ’. ಅಯೋರ್ಟಾ ಎಂದರೆ ಹೃದಯದಿಂದ ರಕ್ತ ಒಯ್ಯುವ ದೊಡ್ಡ ನಾಳ, ಮಹಾಧಮನಿ ಅಥವಾ ಮಹಾಪಧಮನಿ. ಕರಡಿನಲ್ಲಿ ‘ಮಹಾಧಮನಿ ಊದಿಕೊಂಡಿದೆ, ಊತವಿಲ್ಲ’ ಎಂದಾಗಿದೆ. ಓದಿದವರು ನಗಬೇಕೋ ಹೆದರಬೇಕೋ ತಿಳಿಯದು. ‘ಡೈಲೇಟೆಡ್’, ‘ಅನ್ಯೂರಿಸಂ’ ಎರಡಕ್ಕೂ ಬೇರೆ ಬೇರೆ ಪದ ಬೇಕು. ಅಡ್ಡಳತೆಯನ್ನು (ಡಯಾಮೀಟರ್) ‘ಅಗಲ’ ಎಂದರೆ ಸಾಕೇ?

ಉತ್ತರ: ಮೊದಲು ‘ಊತ’ವನ್ನು ಕೈಬಿಡಿ. ಕಾಲು ಊದುವುದು ನೀರು ತುಂಬಿ, ಒಸಡು ಊದುವುದು ಕೀವಿನಿಂದ. ಊತ ಎಂದ ಕೂಡಲೇ ಮಾತ್ರೆ ನುಂಗಿದರೆ ಇಳಿಯುವಂಥದ್ದು ಎಂಬ ಭಾವ ಬರುತ್ತದೆ. ಇಲ್ಲಿ ಆಗಿರುವುದು ಬೇರೆ. ನಾಳದ ಗೋಡೆಯ ನಡುಪದರದಲ್ಲಿರುವ ಎಳೆಗಳು ಸವೆದು, ರಕ್ತದ ಒತ್ತಡಕ್ಕೆ ಗೋಡೆ ಸಡಿಲಗೊಂಡಿದೆ. ಹಳೆಯ ಬನಿಯನ್ನಿನ ಕತ್ತಿನ ಹಾಗೆ, ಒಮ್ಮೆ ಸಡಿಲಾದದ್ದು ಮತ್ತೆ ಬಿಗಿಯಾಗದು. ಇದಕ್ಕೆ ‘ಹಿಗ್ಗಿದೆ’ ಎಂಬ ಕ್ರಿಯಾಪದವೇ ಸರಿ. ನಾಮಪದ ಬೇಕಾದರೆ ‘ಹಿಗ್ಗುವಿಕೆ’ ಎನ್ನಿ. ಬರೀ ‘ಮಹಾಪಧಮನಿಯ ಹಿಗ್ಗು’ ಎಂದರೆ ಮದುವೆಮನೆಯ ಸಂಭ್ರಮವಾದೀತು!

ಅನ್ಯೂರಿಸಂಗೆ ‘ಉಬ್ಬು’ ಇರಲಿ. ಗ್ರೀಕ್ ಮೂಲದಲ್ಲಿ ಆ ಪದಕ್ಕೂ ‘ಅಗಲವಾದದ್ದು’ ಎಂದೇ ಅರ್ಥ, ಹಾಗಾಗಿ ವ್ಯುತ್ಪತ್ತಿ ನೋಡಿ ಪ್ರಯೋಜನವಿಲ್ಲ. ಎರಡನ್ನೂ ಬೇರ್ಪಡಿಸುವುದು ಅಳತೆ. ಆ ಜಾಗದಲ್ಲಿ ಇರಬೇಕಾದ ಅಡ್ಡಳತೆಯ ಒಂದೂವರೆ ಪಟ್ಟು ಮುಟ್ಟಿದರೆ ಉಬ್ಬು, ಅದಕ್ಕಿಂತ ಕಡಿಮೆಯಿದ್ದರೆ ಬರೀ ಹಿಗ್ಗುವಿಕೆ. ಹೊಟ್ಟೆಯ ಭಾಗದಲ್ಲಿ 3 ಸೆಂ.ಮೀ. ದಾಟಿದರೇ ಉಬ್ಬು. ಎದೆಯಲ್ಲಿ ನಾಳವೇ ದಪ್ಪ, ಆದ್ದರಿಂದ 43 ಮಿ.ಮೀ. ಅಷ್ಟಾಗಲಿಲ್ಲ. ‘ಉಬ್ಬು’ ಇಟ್ಟುಕೊಂಡರೆ ಮುಂದಿನ ಪದಗಳೂ ಸಲೀಸು: ಸುತ್ತಲೂ ಸಮನಾಗಿ ಉಬ್ಬಿದ್ದು ನೂಲುವ ಕದಿರಿನಂಥ ಉಬ್ಬು, ಒಂದು ಬದಿಗೆ ಹೊರಚಾಚಿದ್ದು ಚೀಲದಂಥ ಉಬ್ಬು.

‘ಅಗಲ’ ಬೇಡ, ‘ಅಡ್ಡಳತೆ’ ಎಂಬ ನಿಮ್ಮ ಪದವೇ ಚೆನ್ನ. ನುಗ್ಗೆಕಾಯನ್ನು ಓರೆಯಾಗಿ ಕತ್ತರಿಸಿದರೆ ಹೋಳಿನ ಬಾಯಿ ದುಂಡಗಿರದೆ ಉದ್ದವಾಗುತ್ತದಲ್ಲ, ಸಿಟಿಯ ಅಡ್ಡಸೀಳು ಚಿತ್ರದಲ್ಲೂ ಬಾಗಿ ಸಾಗುವ ನಾಳ ಹಾಗೆಯೇ ಕಾಣುತ್ತದೆ. ಆ ಉದ್ದವನ್ನೇ ಅಳೆದರೆ ಇಲ್ಲದ ಹಿಗ್ಗುವಿಕೆ ಇದ್ದಂತೆ ತೋರುತ್ತದೆ. ಅದಕ್ಕೇ ಕಂಪ್ಯೂಟರಿನಲ್ಲಿ ನಾಳದ ನಡುಗೆರೆಯನ್ನು ಗುರುತಿಸಿ, ಅದಕ್ಕೆ ಲಂಬವಾಗಿ ಕತ್ತರಿಸಿದ ಚಿತ್ರದಲ್ಲಿ ಅಳೆಯುತ್ತಾರೆ. ಅಳತೆ ಒಳಗೋಡೆಯಿಂದಲೋ ಹೊರಗೋಡೆಯಿಂದಲೋ ಎಂಬುದನ್ನು ಅನುವಾದದಲ್ಲಿ ನುಂಗಬೇಡಿ. ಕಾಂಟ್ರಾಸ್ಟ್ ಔಷಧಿ ಕೊಟ್ಟಾಗ ಬೆಳ್ಳಗೆ ಹೊಳೆಯುವುದು ರಕ್ತ ಹರಿಯುವ ದಾರಿ ಮಾತ್ರ. ಗೋಡೆಗೆ ಹೆಪ್ಪುಗಟ್ಟಿದ ರಕ್ತ ಅಂಟಿದ್ದರೆ ಅದು ಲೆಕ್ಕದಿಂದ ತಪ್ಪಿ, ಉಬ್ಬು ಚಿಕ್ಕದಾಗಿ ಕಾಣುತ್ತದೆ. ಹೀಗಾಗಿ ಎರಡು ಸ್ಕ್ಯಾನ್‌ಗಳ ನಡುವಿನ 2 ಮಿ.ಮೀ. ವ್ಯತ್ಯಾಸಕ್ಕೆ ‘ಬೆಳೆದಿದೆ’ ಎಂದು ಬರೆಯುವುದು ದುಡುಕು. ಅಷ್ಟು ಏರುಪೇರು ಅಳೆಯುವುದರಲ್ಲೇ ಬರುತ್ತದೆ. ಸಾಮಾನ್ಯವಾಗಿ 5.5 ಸೆಂ.ಮೀ. ಹತ್ತಿರ ಶಸ್ತ್ರಚಿಕಿತ್ಸೆಯ ಮಾತು ಬರುವುದರಿಂದ ಆ ಒಂದು ಕ್ರಿಯಾಪದಕ್ಕೆ ಓದುಗರ ನಿದ್ದೆ ಹೋದೀತು.

ಇನ್ನೊಂದು ಜೋಡಿ ನಿಮ್ಮ ದಾರಿಗೆ ಬಂದೇ ಬರುತ್ತದೆ. ಡಿಸೆಕ್ಷನ್‌ಗೂ ರಪ್ಚರ್‌ಗೂ ‘ಬಿರುಕು’ ಎಂದೇ ಬರೆಯುವವರಿದ್ದಾರೆ. ಮೊದಲನೆಯದರಲ್ಲಿ ಒಳಪದರ ಹರಿದು ರಕ್ತ ಪದರಗಳ ನಡುವೆ ನುಗ್ಗುತ್ತದೆ, ಅದು ‘ಪದರಸೀಳು’. ಎರಡನೆಯದು ‘ಒಡೆತ’. ಇಸಿಜಿ ತೋರುವ ಹೃದಯ ಬಡಿತಕ್ಕೆ ಹೊಂದಿಸದೆ ತೆಗೆದ ಸ್ಕ್ಯಾನಿನಲ್ಲಿ ಹೃದಯದ ಮಿಡಿತಕ್ಕೆ ನಾಳದ ಬುಡದ ಅಂಚು ಜೋಡಿಗೆರೆಯಾಗಿ ಮೂಡಿ, ಪದರಸೀಳಿನ ಭ್ರಮೆ ಹುಟ್ಟಿಸುವುದುಂಟು. ಅಂಥ ಕಡೆ ‘ಸೀಳಿನಂತೆ ತೋರುವ ಗೆರೆ’ ಎನ್ನಿ, ‘ಸೀಳಿದೆ’ ಎನ್ನಬೇಡಿ.

ಮಹಾಧಮನಿ ಎಂಬುದು ಪತ್ರಿಕೆಗಳಲ್ಲಿ ಓಡುತ್ತದೆ, ತಪ್ಪೇನಲ್ಲ. ಆದರೆ ಶಾಲೆಯಲ್ಲಿ ಅಪಧಮನಿ, ಅಭಿಧಮನಿ ಕಲಿತವರಿಗೆ ಮಹಾ ಮತ್ತು ಅಪಧಮನಿ ಸೇರಿದ ಮಹಾಪಧಮನಿಯೇ ಹತ್ತಿರ.

ನಿಮ್ಮ ಸಾಲು ಹೀಗಿರಬಹುದು: ‘ಹೃದಯದಿಂದ ಮೇಲಕ್ಕೇರುವ ಮಹಾಪಧಮನಿ ಹಿಗ್ಗಿದೆ, ಅಡ್ಡಳತೆ 43 ಮಿ.ಮೀ.; ಉಬ್ಬು ಎನ್ನುವಷ್ಟು ಆಗಿಲ್ಲ.’