ಸಹಾಯ ಬೇಕು: ಗ್ರೀನ್ ಕಾರ್ಡೇ ತೋರಿಸಿ ಅಂತ ಎಚ್‌ಆರ್ ಹಟ ಹಿಡಿದಿದ್ದಾರೆ

ಎಲ್ಲರಿಗೂ ನಮಸ್ಕಾರ. ನ್ಯೂಜೆರ್ಸಿಯಲ್ಲಿ ಮೂವತ್ತು ಜನರ ಒಂದು ಆಫೀಸಿಗೆ ಸೋಮವಾರ ಅಕೌಂಟ್ಸ್ ಕೆಲಸಕ್ಕೆ ಸೇರಿದೆ. ಮನೆ ಬದಲಾಯಿಸುವಾಗ ಗ್ರೀನ್ ಕಾರ್ಡ್ ಎಲ್ಲೋ ಕಳೆದುಹೋಗಿದೆ. ಬದಲಿ ಕಾರ್ಡಿಗೆ ಐ-90 ಅರ್ಜಿ ಹಾಕಿದ್ದೀನಿ, ಹೊಸ ಕಾರ್ಡ್ ಇನ್ನೂ ಬಂದಿಲ್ಲ.

ಇಲ್ಲಿ ಕೆಲಸ ಮಾಡೋಕೆ ಅನುಮತಿ ಇದೆಯಾ ಅಂತ ಕಂಪನಿ ಪರಿಶೀಲಿಸೋ ಐ-9 ಫಾರ್ಮಿಗೆ ಡ್ರೈವಿಂಗ್ ಲೈಸೆನ್ಸು, ಸೋಶಿಯಲ್ ಸೆಕ್ಯೂರಿಟಿ ಕಾರ್ಡು ಕೊಟ್ಟೆ. ಎರಡೂ ಒರಿಜಿನಲ್. ಸೋಶಿಯಲ್ ಕಾರ್ಡಿನ ಮೇಲೆ ಮೊದಲಿದ್ದ 'ಡಿಎಚ್‌ಎಸ್ (ಗೃಹ ಭದ್ರತಾ ಇಲಾಖೆ) ಅನುಮತಿ ಇದ್ದರೆ ಮಾತ್ರ ಕೆಲಸಕ್ಕೆ' ಅನ್ನೋ ಸಾಲನ್ನೂ ಗ್ರೀನ್ ಕಾರ್ಡ್ ಬಂದಮೇಲೆ ತೆಗೆಸಿದ್ದೆ. ಎಚ್‌ಆರ್ ಮೇಡಂ ಎರಡನ್ನೂ ಮೇಜಿನ ಮೇಲೆ ನನ್ನ ಕಡೆಗೇ ತಳ್ಳಿ, "ನೀವು ಸಿಟಿಜನ್ ಅಲ್ವಲ್ಲ, ಗ್ರೀನ್ ಕಾರ್ಡೇ ಬೇಕು" ಅಂದ್ರು. ನನ್ನ ಜೊತೆಗೇ ಸೇರಿದ ಅಮೆರಿಕನ್ ಹುಡುಗನಿಗೆ ಇವೇ ಎರಡು ಸಾಕಾದವು!

ಫಾರ್ಮಿನ ಜೊತೆಗಿರೋ ಪಟ್ಟಿಯಲ್ಲೇ ಇದೆ: 'ಎ' ಗುಂಪಿನಿಂದ ಒಂದೇ ದಾಖಲೆ, ಇಲ್ಲಾ 'ಬಿ'ಯಿಂದ ಒಂದು (ನನ್ನ ಲೈಸೆನ್ಸಿನ ಥರ) ಮತ್ತು 'ಸಿ'ಯಿಂದ ಒಂದು (ಸೋಶಿಯಲ್ ಕಾರ್ಡಿನ ಥರ) ಸೇರಿ ಎರಡು. ಯಾವುದು ಅನ್ನೋದು ನಮ್ಮಿಷ್ಟ. ಕೆಲಸ ಶುರುವಾಗಿ ಮೂರು ಕೆಲಸದ ದಿನದೊಳಗೆ ಅವರು ಪರಿಶೀಲಿಸಿ ಮುಗಿಸಬೇಕು, ಅಂದ್ರೆ ಗುರುವಾರ. ಅಷ್ಟರಲ್ಲಿ ಕಾರ್ಡ್ ಎಲ್ಲಿಂದ ತರಲಿ?

ಅಮೆರಿಕದ ನ್ಯಾಯ ಇಲಾಖೆಯಲ್ಲಿ ವಲಸಿಗರ, ನೌಕರರ ಹಕ್ಕು ನೋಡಿಕೊಳ್ಳೋ ಐಇಆರ್ ವಿಭಾಗಕ್ಕೆ 180 ದಿನದೊಳಗೆ ದೂರು ಕೊಡಬಹುದು ಅಂತ ಗೊತ್ತು. ಆದರೆ ಸೇರಿದ ವಾರವೇ ಜಗಳಗಂಟಿ ಅನ್ನಿಸಿಕೊಳ್ಳೋಕೆ ಮನಸ್ಸಿಲ್ಲ. ಅವರ ಹಾಟ್‌ಲೈನಿಗೆ ಹೆಸರು ಹೇಳದೆ ಫೋನ್ ಮಾಡಿದವರು ಯಾರಾದ್ರೂ ಇದ್ದೀರಾ? ಅವರೇ ಕಂಪನಿಗೆ ಫೋನ್ ಮಾಡಿ ತಿಳಿಹೇಳಿದ್ದು ಕೆಲಸಕ್ಕೆ ಬಂತಾ? ಇಲ್ಲಾ ಮೊದಲು ನಾನೇ ಎಚ್‌ಆರ್‌ಗೆ ಇಮೇಲ್ ಬರೀಲಾ? ಬರೆದವರಿದ್ದರೆ ಹೇಗೆ ಬರೆದಿರಿ ಹೇಳಿ. ನಾಳೆ ಬುಧವಾರ, ಸ್ವಲ್ಪ ಬೇಗ ಉತ್ತರಿಸಿ ಪ್ಲೀಸ್.